ಗೋಡೆ ಮೇಲಿನ ಪಾಚಿಗೆ ಹೆಸರು ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಶುರುವಾದರೆ ಸಾಕು, ಪಾಚಿ ಬಗ್ಗೆ ಪ್ರಶ್ನೆಗಳೂ ಶುರು. ಬಾವಿಕಟ್ಟೆ, ಅಡಿಕೆ ಮರ, ಘಾಟಿ ರಸ್ತೆ ಪಕ್ಕದ ಧರೆ (ಕಡಿದ ಮಣ್ಣಿನ ಗೋಡೆ), ಬೆಂಗಳೂರಿನ ಕಾಂಪೌಂಡ್ ಗೋಡೆ, ಎಲ್ಲ ಕಡೆಯಿಂದ ಬರುತ್ತವೆ. ಪತ್ರದಲ್ಲಿ, ಫೋನಿನಲ್ಲಿ, ಕಾಡಿನ ನಡಿಗೆಯಲ್ಲಿ ಮತ್ತೆ ಮತ್ತೆ ಎದುರಾದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉದಾಹರಣೆಗಳು ಜಾಸ್ತಿ ಮಲೆನಾಡು, ಕರಾವಳಿಯವು. ನಾನು ಓಡಾಡುವುದು ಅಲ್ಲೇ.

## ಶುರು ಮಾಡುವವರಿಗೆ

ಬಾವಿಕಟ್ಟೆ ಮೇಲಿರೋ ಹಸಿರೆಲ್ಲ ಪಾಚಿನೇ ಅಲ್ವಾ?

ಆಡುಮಾತಿನಲ್ಲಿ ಹೌದು. ಕೆರೆಯ ನೀರಿನ ಮೇಲೆ ತೇಲುವುದೂ ಪಾಚಿ, ಅಂಗಳದಲ್ಲಿ ಕಾಲು ಜಾರಿಸುವುದೂ ಪಾಚಿ, ಗೋಡೆ ಮೇಲಿನ ಮಖಮಲ್ಲಿನಂಥದ್ದೂ ಪಾಚಿ. ಶಾಲೆಯ ಪುಸ್ತಕದಲ್ಲಿ ಮೊದಲಿನ ಎರಡಕ್ಕೆ ಶೈವಲ ಅನ್ನುತ್ತಾರೆ, ಮೂರನೆಯದಕ್ಕೆ ಹಾವಸೆ. ಈ ಬರಹದಲ್ಲಿ ಪಾಚಿ ಅಂದರೆ ಆ ಮೂರನೆಯದು, ಅಂದರೆ ಮಾಸ್ ಮಾತ್ರ.

ಒಂದು ಚೂರು ಚಿವುಟಿ ಎತ್ತಿ ನೋಡಿ. ಬೆರಳಿಗೆ ಲೋಳೆ ಅಂಟಿದರೆ ಅದು ಶೈವಲ. ಪುಟ್ಟ ಕಾಂಡ, ಅದರ ಸುತ್ತ ಎಲೆ ಕಂಡರೆ ಮಾಸ್ ಇರಬಹುದು. ಬೂದು ಬಣ್ಣದ ಚಕ್ಕೆಯಾಗಿ ಬಂದರೆ ಅದು ಕಲ್ಲುಹೂವು, ಮಸಾಲೆಗೆ ಹಾಕುತ್ತೇವಲ್ಲ, ಅದರ ಬಳಗ. ಮಳೆ ಜಾಸ್ತಿ ಇರುವ ಕಡೆ ಗೋಡೆ, ಮರದ ಮೇಲೆ ಕೇಸರಿ ಬಣ್ಣದ ಮೆತ್ತೆ ಕಟ್ಟಿರುತ್ತದೆ. ಅದು ಟ್ರೆಂಟಿಪೋಲಿಯಾ. ಬಣ್ಣ ಕೇಸರಿಯಾದರೂ ಅದು ಹಸಿರು ಶೈವಲಗಳ ಗುಂಪಿಗೇ ಸೇರಿದ್ದು.

ಲಿವರ್‌ವರ್ಟ್‌ಗೂ ಎಲೆ ಇರುತ್ತಲ್ಲ, ಮಾಸ್‌ನಿಂದ ಹೇಗೆ ಬೇರೆ ಮಾಡೋದು?

ಲಿವರ್‌ವರ್ಟ್ ಅಂದರೆ ಮಾಸ್‌ನ ಹಾಗೇ ಹೂ ಬಿಡದ ಪುಟ್ಟ ಗಿಡಗಳ ಇನ್ನೊಂದು ಗುಂಪು. ನೆಲಕ್ಕೆ ಅಂಟಿದ ಚಪ್ಪಟೆ ಹಸಿರು ಪಟ್ಟಿಯಾಗಿದ್ದರೆ ಗೊಂದಲವೇ ಇಲ್ಲ, ಅದು ಮಾಸ್ ಅಲ್ಲ. ಕಷ್ಟ ಕೊಡುವುದು ಎಲೆ ಇರುವ ಲಿವರ್‌ವರ್ಟ್‌ಗಳು. ಅವುಗಳ ಎಲೆ ಎಡಕ್ಕೊಂದು ಬಲಕ್ಕೊಂದು ಸಾಲಾಗಿ ಇರುತ್ತವೆ. ಕೆಲವಕ್ಕೆ ಕೆಳಗಡೆ ಮೂರನೆಯ ಸಾಲಿನಲ್ಲಿ ಚಿಕ್ಕ ಎಲೆಗಳೂ ಇರುತ್ತವೆ. ಎಲೆಗೆ ನಡುನರ ಇರುವುದಿಲ್ಲ, ಎಷ್ಟೋ ಸಲ ಎಲೆ ಸೀಳಿರುತ್ತದೆ. ಮರದ ತೊಗಟೆಗೆ ಕಂದುಗೆಂಪು ಕಸೂತಿ ಹಾಕಿದ ಹಾಗೆ ಅಂಟಿರುವ ಫ್ರುಲೇನಿಯಾ ನೋಡಿ. ಮಗುಚಿ ಹಿಡಿದರೆ ಎಲೆಯ ಕೆಳಗೆ ಪುಟ್ಟ ಪುಟ್ಟ ಟೊಪ್ಪಿಗಳು ಕಾಣುತ್ತವೆ.

ತುದಿಯಲ್ಲಿ ಬೀಜಕಣದ ಗುಂಡು ಹೊತ್ತ ಕಡ್ಡಿ ಎದ್ದಿದ್ದರೆ ಇನ್ನೂ ಸುಲಭ. ಲಿವರ್‌ವರ್ಟ್‌ನ ಕಡ್ಡಿ ಬೆಳ್ಳಗೆ, ಮೆತ್ತಗೆ ಇರುತ್ತದೆ, ಬೇಗ ಬಾಡಿ ಬಿದ್ದುಹೋಗುತ್ತದೆ. ಅದರ ತುದಿಯ ಕರಿ ಗುಂಡು ಸಾಮಾನ್ಯವಾಗಿ ನಾಲ್ಕು ಸೀಳಾಗಿ ಒಡೆಯುತ್ತದೆ. ಮಾಸ್‌ನ ಕಡ್ಡಿ ಗಟ್ಟಿ, ವಾರಗಟ್ಟಲೆ ನಿಲ್ಲುತ್ತದೆ. ಅದರ ತುದಿಯ ಕ್ಯಾಪ್ಸೂಲ್‌ಗೆ (ಬೀಜಕಣ ತುಂಬಿದ ಪುಟ್ಟ ಡಬ್ಬಿ) ಬಹಳ ಸಲ ಮುಚ್ಚಳ ಇರುತ್ತದೆ. ಮೈಕ್ರೋಸ್ಕೋಪಿನಲ್ಲಿ ಕೆಳಗಿನ ಬೇರುಕೂದಲು ನೋಡಿದರೂ ಸಾಕು. ಲಿವರ್‌ವರ್ಟ್‌ನದು ಒಂದೇ ಜೀವಕೋಶದ ಉದ್ದ ಕೊಳವೆ. ಮಾಸ್‌ನದರಲ್ಲಿ ಅಲ್ಲಲ್ಲಿ ಓರೆಯಾದ ಅಡ್ಡಗೋಡೆಗಳು.

ಫೋಟೋ ಕಳಿಸಿದ್ದೀನಿ, ಹೆಸರು ಹೇಳ್ತೀರಾ?

ನೂರರಲ್ಲಿ ಎಷ್ಟೋ ಫೋಟೋಗಳಿಗೆ ಪ್ರಭೇದ ಇರಲಿ, ಕುಲದ (ಹತ್ತಿರದ ಪ್ರಭೇದಗಳ ಗುಂಪಿನ) ಹೆಸರು ಹೇಳುವುದೂ ಕಷ್ಟ. ಹಸಿರು ಮೆತ್ತೆಯನ್ನು ನಿಂತಲ್ಲಿಂದ ತೆಗೆದ ಚಿತ್ರದಲ್ಲಿ ಹೆಸರಿಗೆ ಬೇಕಾದ್ದು ಏನೂ ಇರುವುದಿಲ್ಲ. ಹೀಗೆ ಮಾಡಿ. ಇಡೀ ಮೆತ್ತೆಯದು ಒಂದು, ಒಂದೇ ಗಿಡವನ್ನು ಬಿಡಿಸಿ ಬಿಳಿ ಕಾಗದದ ಮೇಲೆ ಸ್ಕೇಲ್ ಪಕ್ಕ ಇಟ್ಟದ್ದು ಒಂದು, ಒಣಗಿದಾಗ ಒಂದು, ಅದಕ್ಕೆ ನೀರು ಹನಿಸಿ ಐದು ನಿಮಿಷ ಬಿಟ್ಟು ಇನ್ನೊಂದು. ಕ್ಯಾಪ್ಸೂಲ್ ಇದ್ದರೆ ಅದಕ್ಕೆ ಬೇರೆ. ಈ ನಾಲ್ಕೈದು ಚಿತ್ರದ ಜೊತೆ ಅದು ಯಾವುದರ ಮೇಲೆ ಬೆಳೆದಿತ್ತು ಅಂತ ಒಂದು ಸಾಲು ಬರೆದರೆ ಮಾತಾಡುವುದಕ್ಕೆ ಏನಾದರೂ ಸಿಗುತ್ತದೆ.

ಮೈಕ್ರೋಸ್ಕೋಪ್ ಇಲ್ಲದೆ ಎಷ್ಟು ದೂರ ಹೋಗಬಹುದು?

ನೀವು ಅಂದುಕೊಂಡದ್ದಕ್ಕಿಂತ ದೂರ. 10 ಪಟ್ಟು ದೊಡ್ಡದು ಮಾಡುವ ಕೈಮಸೂರ ಇದ್ದರೆ ಒಂದು ವರ್ಷ ಬೇರೇನೂ ಬೇಡ. ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಪಾಚಿಯನ್ನೇ ಅದರ ಹತ್ತಿರ ತನ್ನಿ. ಎಲ್ಲರೂ ಉಲ್ಟಾ ಮಾಡುತ್ತಾರೆ, ಆಮೇಲೆ ಏನೂ ಕಾಣಲಿಲ್ಲ ಅನ್ನುತ್ತಾರೆ.

ಕೆಲವನ್ನು ಅಷ್ಟರಲ್ಲೇ ಗುರುತಿಸಬಹುದು. ಊರಿನ ಫುಟ್‌ಪಾತ್, ತಾರಸಿಯ ಬಿರುಕಿನಲ್ಲಿ ಬೆಳ್ಳಿಯ ಹೊಳಪಿನ, ಹುರಿ ಹೊಸೆದಂಥ ಸಣ್ಣ ಕಾಂಡಗಳು ಕಂಡರೆ ಅದು ಬ್ರಯಂ ಅರ್ಜೆಂಟಿಯಂ. ಎಲೆಯ ಮೇಲರ್ಧದ ಜೀವಕೋಶಗಳಲ್ಲಿ ಹಸಿರು ಇಲ್ಲದ್ದರಿಂದ ಆ ಬೆಳ್ಳಿ ಬಣ್ಣ. ಅಂಟಾರ್ಕ್ಟಿಕಾದಲ್ಲೂ ಇದೇ ಪ್ರಭೇದ ಇದೆ. ಧರೆಯ ಮಣ್ಣಿನಲ್ಲಿ ಚಿಕ್ಕ ಜರೀಗಿಡದ ಗರಿಯಂತೆ, ಎರಡೇ ಸಾಲಿನಲ್ಲಿ ಚಪ್ಪಟೆಯಾಗಿ ಎಲೆ ಜೋಡಿಸಿಕೊಂಡದ್ದು ಫಿಸಿಡೆನ್ಸ್. ತೆಂಗು, ತಾಳೆಯ ಕಾಂಡದ ಮೇಲೆ ಬಿಳಿಹಸಿರು, ದಪ್ಪ, ಪಟ್ಟಿಯಂಥ ಎಲೆಯದ್ದು ಆಕ್ಟೋಬ್ಲೆಫಾರಂ. ಸುಟ್ಟ ನೆಲದಲ್ಲಿ ಬಾಗಿದ ಪೇರಲೆಹಣ್ಣಿನ ಆಕಾರದ ಕ್ಯಾಪ್ಸೂಲ್ ತುಂಬಿಕೊಂಡಿದ್ದರೆ ಫ್ಯೂನೇರಿಯಾ ಹೈಗ್ರೊಮೆಟ್ರಿಕಾ ಅಂತ ಅನುಮಾನಿಸಿ. ಒಣಗಿದ ಅದರ ಕಡ್ಡಿಗೆ ಬಾಯಿಂದ ಹಾ ಅಂತ ಉಸಿರು ಬಿಡಿ. ತೇವ ತಗುಲಿ ಕಡ್ಡಿ ತಿರುಚಿಕೊಳ್ಳುತ್ತದೆ, ಕ್ಯಾಪ್ಸೂಲ್ ಮುಖ ತಿರುಗಿಸುತ್ತದೆ. ಆ ಹೆಸರು ಬಂದದ್ದೇ ಅದರಿಂದ.

ಯಾವ ತಿಂಗಳಲ್ಲಿ ಹುಡುಕಬೇಕು?

ಹಸಿರು ನೋಡಬೇಕಾದರೆ ಮಳೆಗಾಲ. ಹೆಸರು ಹುಡುಕಬೇಕಾದರೆ ಮಳೆ ಮುಗಿದ ಮೇಲೆ, ಅಕ್ಟೋಬರ್‌ನಿಂದ ಜನವರಿ ತನಕ. ಆಗ ಕ್ಯಾಪ್ಸೂಲ್ ಸಿಗುವ ಸಾಧ್ಯತೆ ಚೆನ್ನಾಗಿರುತ್ತದೆ, ಇಂಬಳದ ಕಾಟವೂ ಕಡಿಮೆ.

## ಹೊರಗಡೆ, ಪಾಚಿಯ ಮುಂದೆ ಕೂತಾಗ

ಏನೇನು ಬರೆದುಕೊಳ್ಳಬೇಕು? ಜಾಗದ ಹೆಸರು ಸಾಕಲ್ವಾ?

ಸಾಲದು. ತಾರೀಕು, ಜಾಗ, ಎತ್ತರ ಬರೆದ ಮೇಲೆ ಎರಡು ವಿಷಯ ತಪ್ಪಿಸಬೇಡಿ. ಒಂದು, ಅದು ಕೂತಿದ್ದ ನೆಲೆ. ಸುಮ್ನೆ ಮರ ಅಂತ ಬರೆಯಬೇಡಿ. ಬದುಕಿರುವ ಮರವೋ ಬಿದ್ದು ಕೊಳೆತ ದಿಮ್ಮಿಯೋ, ಬುಡವೋ ಕೊಂಬೆಯೋ ಅಂತ ಬರೆಯಿರಿ. ಸುಣ್ಣದ ಗಾರೆಯೋ ಬರೀ ಕಲ್ಲೋ, ಕಲ್ಲಿನ ಮೇಲೆ ನೀರು ಜಿನುಗುತ್ತಿತ್ತೋ ಅನ್ನುವುದೂ ಬೇಕು. ಗಾರೆಯ ಮೇಲೆ ಬರುವ ಪಾಚಿಗಳ ಗುಂಪೇ ಬೇರೆ, ನೀರು ಜಿನುಗುವ ಬಂಡೆಯ ಫಿಲೊನೋಟಿಸ್‌ನ ಸಂಸಾರವೇ ಬೇರೆ.

ಎರಡು, ಒಣಗಿದಾಗ ಎಲೆ ಏನಾಗುತ್ತದೆ ಅನ್ನುವುದು. ಕಾಂಡಕ್ಕೆ ಒತ್ತಿಕೊಳ್ಳುತ್ತಾ? ಅಂಚು ಒಳಕ್ಕೆ ಸುತ್ತಿಕೊಳ್ಳುತ್ತಾ? ಗುಂಗುರು ಕೂದಲಿನ ಹಾಗೆ ಸಿಕ್ಕಾಗುತ್ತಾ? ಹಾಗೇ ಇರುತ್ತಾ? ಮಳೆಯಲ್ಲಿ ಒಂದೇ ಥರ ಕಂಡ ಎರಡು ಪಾಚಿ ಬಿಸಿಲಿನಲ್ಲಿ ಬೇರೆಯಾಗುತ್ತವೆ. ಬಣ್ಣಕ್ಕೆ ಮಾತ್ರ ಜಾಸ್ತಿ ಬೆಲೆ ಕೊಡಬೇಡಿ. ಒಂದೇ ಪ್ರಭೇದ ನೆರಳಿನಲ್ಲಿ ಕಡುಹಸಿರು, ಬಿಸಿಲಿನಲ್ಲಿ ಹಳದಿ ಆಗಿರಬಹುದು.

ನೆಟ್ಟಗೆ ಬೆಳೆಯೋದು, ಹರಡಿಕೊಂಡು ಬೆಳೆಯೋದು ಅಂತ ಮೊದಲೇ ಕೇಳ್ತೀರಲ್ಲ, ಯಾಕೆ?

ಆ ಒಂದು ಪ್ರಶ್ನೆ ಕೆಲಸವನ್ನು ಹೆಚ್ಚುಕಡಿಮೆ ಅರ್ಧ ಮಾಡುತ್ತದೆ. ಒಂದು ಬಗೆಯಲ್ಲಿ ಕಾಂಡ ನೆಟ್ಟಗೆ ನಿಂತು, ಕವಲು ಕಡಿಮೆ ಇದ್ದು, ಕಡ್ಡಿ ಕಾಂಡದ ತುದಿಯಿಂದ ಏಳುತ್ತದೆ. ಬ್ರಯಂ, ಫ್ಯೂನೇರಿಯಾ, ಪೋಗೊನೇಟಂ ಹೀಗೆ. ಇನ್ನೊಂದು ಬಗೆಯಲ್ಲಿ ಕಾಂಡ ತೆವಳುತ್ತದೆ, ಚಾಪೆ ಹಾಸಿದ ಹಾಗೆ ಕವಲೊಡೆಯುತ್ತದೆ, ಕಡ್ಡಿ ಪಕ್ಕದ ಚಿಕ್ಕ ಮೊಗ್ಗಿನಿಂದ ಬರುತ್ತದೆ. ಜರೀಗಿಡದಂತೆ ಕಾಣುವ ಥುಯಿಡಿಯಂ, ಶೋಲಾ ಕಾಡಿನ ಕೊಂಬೆಗಳಿಂದ ಗಡ್ಡದಂತೆ ಜೋತುಬೀಳುವ ಮೀಟಿಯೋರಿಯಂ ಬಳಗ ಈ ಕಡೆಯವು.

ಮೋಸ ಮಾಡುವವೂ ಇವೆ. ಮ್ಯಾಕ್ರೋಮಿಟ್ರಿಯಂ ತೊಗಟೆಯ ಮೇಲೆ ತೆವಳುತ್ತದೆ, ಆದರೆ ಅದರಿಂದ ನೆಟ್ಟಗಿನ ಕವಲುಗಳು ಏಳುತ್ತವೆ, ಕಡ್ಡಿ ಬರುವುದು ಆ ಕವಲಿನ ತುದಿಯಿಂದ. ಅದಕ್ಕೇ ಕಡ್ಡಿಯ ಬುಡ ಎಲ್ಲಿದೆ ಅಂತ ಬಿಡಿಸಿ ನೋಡಬೇಕು.

ತಂದದ್ದನ್ನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೆ, ಹಾಳಾಯ್ತಾ?

ಬೂಸ್ಟು ಹಿಡಿದಿಲ್ಲದಿದ್ದರೆ ಈಗಲೇ ಹೊರಗೆ ತೆಗೆಯಿರಿ. ನಾನು ಮೊದಲ ವರ್ಷ ಆಗುಂಬೆ ಕಡೆಯಿಂದ ತಂದ ಇಡೀ ದಿನದ ಸಂಗ್ರಹವನ್ನು ಹೀಗೇ ಕಳೆದುಕೊಂಡೆ. ಮೂರನೆಯ ದಿನಕ್ಕೆ ಎಲ್ಲ ಬಿಳಿ ಬೂಸ್ಟು. ಇಂದಿಗೂ ಬೇಸರ ಆಗುತ್ತದೆ. ನ್ಯೂಸ್‌ಪೇಪರ್ ಮಡಚಿ ಪೊಟ್ಟಣ ಮಾಡಿ, ಅದರಲ್ಲಿ ಹಾಕಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ. ಹೂವಿನ ಗಿಡದ ಹಾಗೆ ಭಾರ ಹೇರಿ ಒತ್ತುವುದು ಬೇಡ, ಆಕಾರ ಕೆಡುತ್ತದೆ. ವಿವರವನ್ನು ಪೆನ್ಸಿಲ್‌ನಲ್ಲಿ ಪೊಟ್ಟಣದ ಮೇಲೇ ಬರೆಯಿರಿ. ಬೇರೆ ಚೀಟಿ ಮಾಡಿದರೆ ಅದು ಕಳೆದುಹೋಗುತ್ತದೆ.

ಬೆಂಕಿಪೆಟ್ಟಿಗೆಯಷ್ಟು ಅಗಲದ ಚೂರು ಸಾಕು. ಉಳಿದದ್ದು ಅಲ್ಲೇ ಇರಲಿ, ಅದು ಅಷ್ಟು ಬೆಳೆಯಲು ವರ್ಷಗಳು ಹಿಡಿದಿರುತ್ತವೆ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ, ಪುಷ್ಪಗಿರಿಯಂಥ ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಚಿಟಿಕೆಯನ್ನೂ ತೆಗೆಯಬೇಡಿ. 1972ರ ವನ್ಯಜೀವಿ ಕಾಯಿದೆ ಪಾಚಿಗೂ ಅನ್ವಯಿಸುತ್ತದೆ. ನಿಮ್ಮ ಮನೆಯ ಹಿತ್ತಲಲ್ಲಿ ಕಲಿಯಲು ಬೇಕಾದಷ್ಟು ಇದೆ.

ಪೊಟ್ಟಣದಲ್ಲಿ ಕಂದಾಗಿ ಮುದುಡಿದೆ. ಇನ್ನು ಉಪಯೋಗ ಇಲ್ವಾ?

ಒಂದು ಹನಿ ನೀರು ಹಾಕಿ, ಮಸೂರ ಹಿಡಿದು ಕೂತು ನೋಡಿ. ಬಾವಿಕಟ್ಟೆಯ ಹಯೋಫಿಲಾ ಒಣಗಿದಾಗ ಎಲೆಯ ಎರಡೂ ಅಂಚು ಒಳಗೆ ಸುತ್ತಿಕೊಂಡು, ಕವಳಕ್ಕೆ ಮಡಚಿದ ಎಲೆಯ ಹಾಗೆ ಇರುತ್ತದೆ. ನೀರು ಬಿದ್ದ ಕ್ಷಣ ಬುಡದ ಎಲೆಗಳು ಅಲುಗುತ್ತವೆ. ಆಮೇಲೆ ಒಂದೊಂದಾಗಿ ಹೊರಕ್ಕೆ ಬಾಗಿ, ಸುರುಳಿ ಬಿಚ್ಚಿ, ನಕ್ಷತ್ರದ ಹಾಗೆ ಹರಡಿಕೊಳ್ಳುತ್ತವೆ. ಕಂದು ಹೋಗಿ ಹಸಿರು ಬರುತ್ತದೆ. ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ನಾನು ಎಷ್ಟು ಸಲ ನೋಡಿದರೂ ನನಗೆ ಸಾಕು ಅನ್ನಿಸಿಲ್ಲ. ಹತ್ತಾರು ವರ್ಷದ ಹಳೆಯ ಪೊಟ್ಟಣದಲ್ಲಿ ಜೀವ ಇರಲಿಕ್ಕಿಲ್ಲ. ಆದರೂ ನೀರು ಹೀರಿ ಎಲೆ ಬಿಚ್ಚಿಕೊಳ್ಳುತ್ತದೆ, ಜೀವಕೋಶದ ಗೋಡೆಗಳು ಚೆನ್ನಾಗಿ ಕಾಣುತ್ತವೆ. ಗುರುತಿಸಲು ಅಷ್ಟು ಸಾಕು.

## ಮೈಕ್ರೋಸ್ಕೋಪಿನ ಕೆಲಸ

ಯಾವ ಮೈಕ್ರೋಸ್ಕೋಪ್ ತಗೊಳ್ಳಲಿ?

ಕಾಲೇಜಿನ ಲ್ಯಾಬಿನಲ್ಲಿರುವಂಥದ್ದು, 4, 10, 40ರ ಮೂರು ಮಸೂರ ಇರುವುದು ಸಾಕು. ಕಣ್ಣಿನ ಕಡೆಯ 10ರ ಮಸೂರ ಸೇರಿ 400 ಪಟ್ಟು ಆಗುತ್ತದೆ. ಎಣ್ಣೆ ಹಾಕಿ ನೋಡುವ 100ರ ಮಸೂರ ಪಾಚಿಗೆ ಬೇಕಾಗುವುದು ಅಪರೂಪ. ಕಾಗದದ ಫೋಲ್ಡ್‌ಸ್ಕೋಪ್ 140 ಪಟ್ಟು ತೋರಿಸುತ್ತದೆ. ಜೀವಕೋಶದ ಆಕಾರ ನೋಡಲು ಅದೂ ಆಗುತ್ತದೆ. ದುಡ್ಡು ಉಳಿದರೆ ಅಳತೆಪಟ್ಟಿ ಇರುವ ಐಪೀಸ್ ಕೊಳ್ಳಿ.

ಎಲೆ ನೋಡೋಣ ಅಂದ್ರೆ ಬರೀ ಗುಳ್ಳೆಗಳೇ ಕಾಣ್ತವೆ. ಏನು ತಪ್ಪು?

ಎಲೆಗಳ ನಡುವೆ ಗಾಳಿ ಸಿಕ್ಕಿಕೊಂಡಿದೆ. ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದೇ ಒಂದು ಹನಿ ಬೆರೆಸಿ, ಅದರಲ್ಲಿ ಒಂದು ನಿಮಿಷ ನೆನೆಸಿ. ಆಮೇಲೆ ಕಾಂಡದ ತುದಿಯನ್ನು ಒಂದು ಚಿಮುಟದಲ್ಲಿ ಹಿಡಿದು, ಇನ್ನೊಂದರಿಂದ ಎಲೆಗಳನ್ನು ಬುಡದ ಕಡೆಗೆ ಎಳೆಯಿರಿ. ಕರಿಬೇವಿನ ಎಲೆಯನ್ನು ಕಡ್ಡಿಯಿಂದ ಜಗ್ಗುತ್ತೇವಲ್ಲ, ಹಾಗೆ. ಎಲೆ ಬುಡಸಮೇತ ಬರಬೇಕು. ಬುಡ ಹರಿದ ಎಲೆಯಲ್ಲಿ ಮುಖ್ಯ ಗುರುತೇ ಹೋಗಿರುತ್ತದೆ. ಹತ್ತು ಎಲೆಯಾದರೂ ಸ್ಲೈಡಿನ ಮೇಲೆ ಇರಲಿ. ಕವರ್‌ಸ್ಲಿಪ್ಪನ್ನು ಒಂದು ಬದಿಯಿಂದ ಓರೆಯಾಗಿ ಇಳಿಸಿ.

ಎಲ್ಲ ಜೀವಕೋಶವೂ ಒಂದೇ ಥರ ಕಾಣ್ತವೆ. ಏನನ್ನ ನೋಡಬೇಕು?

ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ನಡುನರ. ಇದೆಯಾ ಇಲ್ಲವಾ? ಒಂದೇ ಇದೆಯಾ, ಬುಡದಲ್ಲಿ ಎರಡು ಚಿಕ್ಕವು ಇವೆಯಾ? ತುದಿ ತನಕ ಹೋಗುತ್ತಾ, ನಡುವೆ ನಿಲ್ಲುತ್ತಾ, ತುದಿ ದಾಟಿ ಮುಳ್ಳಿನಂತೆ ಹೊರಬರುತ್ತಾ? ಮಾವಿನ ಮರದ ತೊಗಟೆಯ ಎರ್ಪೋಡಿಯಂ ಮ್ಯಾಂಜಿಫೆರೆಗೆ ನಡುನರವೇ ಇಲ್ಲ. ರಾಕೊಪೈಲಂನಲ್ಲಿ ಅದು ತುದಿ ದಾಟಿ ಬಂದಿರುತ್ತದೆ.

ಎರಡನೆಯದು ಎಲೆಯ ನಡುಭಾಗದ ಜೀವಕೋಶಗಳ ಆಕಾರ. ದುಂಡಗೆ, ಚೌಕ, ಷಟ್ಕೋನ, ಇಲ್ಲವೇ ಹುಳದ ಹಾಗೆ ಉದ್ದ. ಬ್ರಯಂನದು ಉದ್ದನೆಯ ಷಟ್ಕೋನ, ಗೋಡೆ ತೆಳು. ತೆವಳುವ ಪಾಚಿಗಳಲ್ಲಿ ಬಹಳಷ್ಟಕ್ಕೆ ತೀರಾ ಕಿರಿದಾದ ಉದ್ದ ಜೀವಕೋಶ.

ಮೂರನೆಯದಕ್ಕೆ ತಾಳ್ಮೆ ಬೇಕು. ಜೀವಕೋಶದ ಮೇಲೆ ಗುಳ್ಳೆಯಂಥ ಗುಬುಟು ಇದೆಯಾ ಅಂತ ನೋಡುವುದು. 400 ಪಟ್ಟಿನಲ್ಲಿಟ್ಟು, ಫೋಕಸ್ಸಿನ ಸಣ್ಣ ತಿರುಪನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಗುಬುಟು ಇದ್ದರೆ ಜೀವಕೋಶದ ನಡುವೆ ಚುಕ್ಕಿ ಮಿಂಚಿ ಮಾಯವಾಗುತ್ತದೆ. ಎಲೆ ಮಡಚಿಕೊಂಡ ಕಡೆ ಅಂಚಿನಲ್ಲಿ ಇನ್ನೂ ಚೆನ್ನಾಗಿ, ಗರಗಸದ ಹಲ್ಲಿನಂತೆ ಕಾಣುತ್ತದೆ. ಒಂದು ಜೀವಕೋಶಕ್ಕೆ ಒಂದೋ, ಹಲವೋ ಎಣಿಸಿ. ಬಾರ್ಬುಲಾ ಕುಟುಂಬದಲ್ಲಿ ಹಲವು ಇರುವುದೇ ಜಾಸ್ತಿ. ಫಿಲೊನೋಟಿಸ್‌ನಲ್ಲಿ ಗುಬುಟು ಜೀವಕೋಶದ ತುದಿಯಲ್ಲಿ ಕೂತಿರುತ್ತದೆ.

ಕೊನೆಗೆ ಎಲೆಯ ಬುಡದ ಎರಡು ಮೂಲೆಗಳು. ಅಲ್ಲಿನ ಜೀವಕೋಶಗಳು ಮಿಕ್ಕವಕ್ಕಿಂತ ಬೇರೆ ಇವೆಯಾ? ಸೆಮಾಟೊಫಿಲಂನಲ್ಲಿ ಬಲೂನು ಊದಿದ ಹಾಗೆ ಮೂರ್ನಾಲ್ಕು ದೊಡ್ಡ ಜೀವಕೋಶ ಸಾಲಾಗಿ ಕೂತಿರುತ್ತವೆ. ಒಂದು ಸಲ ಕಂಡರೆ ಮರೆಯುವುದಿಲ್ಲ. ಕ್ಯಾಲಿಂಪೆರಿಸ್‌ನಲ್ಲಿ ಬುಡದ ನಡುವೆ, ನರದ ಎರಡೂ ಕಡೆ, ಬಣ್ಣವಿಲ್ಲದ ದೊಡ್ಡ ಜೀವಕೋಶಗಳ ಕಿಟಕಿ.

ಅಡ್ಡ ಸೀಳು ತೆಗೆಯೋಕೆ ಎಷ್ಟು ಸಲ ಪ್ರಯತ್ನ ಪಟ್ಟರೂ ಬರ್ತಿಲ್ಲ.

ಒಂದೇ ಒಂದು ಸೀಳು ತೆಗೆಯಲು ಹೋಗಬೇಡಿ. ಒದ್ದೆ ಮಾಡಿದ ಗಿಡವನ್ನು ಸ್ಲೈಡಿನ ಮೇಲೆ ಮಲಗಿಸಿ, ಅದರ ಮೇಲೆ ಇನ್ನೊಂದು ಸ್ಲೈಡ್ ಇಟ್ಟು ಬೆರಳಿನಿಂದ ಒತ್ತಿ ಹಿಡಿಯಿರಿ. ಹೊಸ ಬ್ಲೇಡಿನಿಂದ ಆ ಸ್ಲೈಡಿನ ಅಂಚಿಗೆ ಒರಗಿಸಿ, ಕೊತ್ತಂಬರಿ ಸೊಪ್ಪು ಹೆಚ್ಚಿದ ಹಾಗೆ ಹೆಚ್ಚುತ್ತಾ, ಮೇಲಿನ ಸ್ಲೈಡನ್ನು ಕೂದಲೆಳೆಯಷ್ಟು ಹಿಂದೆ ಸರಿಸುತ್ತಾ ಹೋಗಿ. ಮೂವತ್ತು ನಲವತ್ತು ಚೂರಿನಲ್ಲಿ ನಾಲ್ಕೈದು ಚೆನ್ನಾಗಿರುತ್ತವೆ.

ಪೋಗೊನೇಟಂಗೆ ಇದು ಬೇಕೇ ಬೇಕು. ಎಲೆಯ ಮೇಲೆ ಒತ್ತೊತ್ತಾಗಿ ಹಸಿರು ಗೋಡೆಗಳು ನಿಂತಿರುತ್ತವೆ, ಆ ಗೋಡೆಯ ತುದಿಯ ಜೀವಕೋಶದ ಆಕಾರ ನೋಡಿ ಪ್ರಭೇದ ಬೇರೆ ಮಾಡುತ್ತಾರೆ. ಲ್ಯೂಕೋಬ್ರಯಂನಲ್ಲಿ ಖಾಲಿ ದೊಡ್ಡ ಜೀವಕೋಶಗಳ ಎರಡು ಪದರದ ನಡುವೆ ಸಣ್ಣ ಹಸಿರು ಜೀವಕೋಶ ಅಡಗಿರುತ್ತದೆ. ಅದರ ಬಿಳಿ ಬಣ್ಣಕ್ಕೆ ಕಾರಣ ಅದೇ.

ಕ್ಯಾಪ್ಸೂಲ್ ಬಾಯಲ್ಲಿ ಹಲ್ಲು ಇರುತ್ತಂತೆ, ನಂಗೆ ಕಾಣ್ಲೇ ಇಲ್ಲ.

ಮುಚ್ಚಳ ಇನ್ನೂ ಬಿದ್ದಿಲ್ಲದಿರಬಹುದು, ಇಲ್ಲವೇ ತೀರಾ ಹಳೆಯದಾಗಿ ಹಲ್ಲು ಉದುರಿರಬಹುದು. ಮುಚ್ಚಳ ಈಗಷ್ಟೇ ಬೀಳುವಂಥ ಕ್ಯಾಪ್ಸೂಲ್ ಆರಿಸಿ. ಅದನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಂದರ ಒಳಮೈ, ಇನ್ನೊಂದರ ಹೊರಮೈ ಮೇಲೆ ಬರುವಂತೆ ಇಡಿ. ಹಲ್ಲು ಸಾಮಾನ್ಯವಾಗಿ 16. ಪೋಗೊನೇಟಂನಲ್ಲಿ 32. ಆಕ್ಟೋಬ್ಲೆಫಾರಂನಲ್ಲಿ 8, ಹೆಸರಿನಲ್ಲೇ ಆ ಲೆಕ್ಕ ಇದೆ. ಒಂದು ಸಾಲೋ ಎರಡು ಸಾಲೋ ಅನ್ನುವುದನ್ನೂ ಬರೆದುಕೊಳ್ಳಿ. ಹಲ್ಲೇ ಇಲ್ಲದವೂ ಇವೆ, ಹಯೋಫಿಲಾ ಹಾಗೆ. ಹಲ್ಲಿನ ಸಾಲನ್ನು ಅಷ್ಟು ಗಮನವಿಟ್ಟು ನೋಡಿ, ಅದರ ಮೇಲೆ ಪಾಚಿಗಳನ್ನು ವಿಂಗಡಿಸಿದವರು ಯೋಹಾನೆಸ್ ಹೆಡ್‌ವಿಗ್. ಅವರು ತೀರಿಕೊಂಡ ಮೇಲೆ 1801ರಲ್ಲಿ ಅಚ್ಚಾದ ಅವರ ಗ್ರಂಥದಿಂದಲೇ ಇವತ್ತಿಗೂ ಪಾಚಿಗಳ ಹೆಸರಿನ ಲೆಕ್ಕ ಶುರುವಾಗುತ್ತದೆ.

## ಸ್ವಲ್ಪ ಪಳಗಿದವರಿಗೆ

ಕ್ಯಾಪ್ಸೂಲೇ ಸಿಗ್ಲಿಲ್ಲ. ಬಿಟ್ಟುಬಿಡಬೇಕಾ?

ಬೇಡ. ಬೇರೆ ಗುರುತು ಹುಡುಕಿ. ಎಷ್ಟೋ ಪಾಚಿಗಳು ತಮ್ಮ ಮೈಯಿಂದಲೇ ಮರಿತುಣುಕು ಉದುರಿಸಿ ಹರಡುತ್ತವೆ. ಕ್ಯಾಲಿಂಪೆರಿಸ್‌ನ ಎಲೆತುದಿಯಲ್ಲಿ ಅವು ಗೊಂಚಲಾಗಿರುತ್ತವೆ. ಹಯೋಫಿಲಾದ ಎಲೆಯ ಕಂಕುಳಲ್ಲಿ ಮುಳ್ಳುಮುಳ್ಳಾದ ನಕ್ಷತ್ರದಂತೆ ಇರುತ್ತವೆ. ಎಲೆ ಕಿತ್ತಾದ ಮೇಲೆ ಉಳಿದ ನೀರನ್ನು ಚೆಲ್ಲಬೇಡಿ, ಅದನ್ನೂ ಸ್ಲೈಡಿಗೆ ಹಾಕಿ ನೋಡಿ.

ಕೀ ಹಿಡಿದು ಹೋದ್ರೆ ಪ್ರತಿ ಸಲ ಬೇರೆ ಹೆಸರು ಬರುತ್ತೆ.

ಕೀ ಅಂದರೆ ಒಂದೊಂದೇ ಗುರುತು ಕೇಳುತ್ತಾ ಹೆಸರಿನ ತನಕ ಕರೆದೊಯ್ಯುವ ಪಟ್ಟಿ. ಮೊದಲ ಅನುಮಾನ, ನಿಮ್ಮ ಪೊಟ್ಟಣದಲ್ಲಿ ಎರಡು ಪಾಚಿ ಇವೆ. ಒಂದೇ ಮೆತ್ತೆಯಲ್ಲಿ ಮೂರು ಪ್ರಭೇದ ಹೆಣೆದುಕೊಂಡಿರುವುದು ಮಾಮೂಲು. ಎಲೆ, ಕ್ಯಾಪ್ಸೂಲ್ ಎರಡನ್ನೂ ಒಂದೇ ಗಿಡದಿಂದ ತೆಗೆದಿರಾ ಅಂತ ಕೇಳಿಕೊಳ್ಳಿ. ಎರಡನೆಯದು, ಅಳತೆಯನ್ನು ಒಂದೇ ಎಲೆಯಿಂದ ತೆಗೆದಿದ್ದೀರಿ. ಕಾಂಡದ ನಡುಭಾಗದ ಹತ್ತು ಎಲೆ ಅಳೆಯಿರಿ, ಬುಡದ ಎಲೆ, ತುದಿಯ ಎಲೆ ಬಿಡಿ. ಮೂರನೆಯದು, ಬೇರೆ ದೇಶದ ಕೀ. ಯುರೋಪಿನ ಕೀ ಮಲೆನಾಡಿನ ಪಾಚಿಗೆ ಯಾವುದೋ ಒಂದು ಹೆಸರು ಕೊಟ್ಟೇ ಕೊಡುತ್ತದೆ. ನಮ್ಮಲ್ಲಿ ಬಹಳ ಜನ ಬಳಸುವುದು ಗಂಗುಲಿ ಅವರು 1969ರಿಂದ 1980ರ ತನಕ ಕಂತುಗಳಲ್ಲಿ ತಂದ ಪೂರ್ವ ಭಾರತದ ಪಾಚಿಗಳ ಗ್ರಂಥವನ್ನು. ದಕ್ಷಿಣಕ್ಕೆ ಪಳನಿ ಬೆಟ್ಟಗಳ ಬಗ್ಗೆ ಪಾದ್ರಿ ಫೋರೋ ಅವರು 1961ರಲ್ಲಿ ಮಾಡಿದ ಕೆಲಸ ಇದೆ. ಹಳೆಯ ಹೆಸರುಗಳಲ್ಲಿ ಹಲವು ಈಗ ಬದಲಾಗಿವೆ, ಅದನ್ನು ಸರಿನೋಡಿಕೊಳ್ಳಬೇಕು.

ಪ್ರಭೇದದ ತನಕ ಹೋಗಲೇಬೇಕಾ?

ಬೇಕಿಲ್ಲ. ನನ್ನ ಪೊಟ್ಟಣಗಳಲ್ಲಿ ಸುಮಾರು ಫಿಸಿಡೆನ್ಸ್ ಅನ್ನುವಲ್ಲಿಗೇ ನಿಂತಿವೆ. ಜಗತ್ತಿನಲ್ಲಿ ಆ ಕುಲದ ನೂರಾರು ಪ್ರಭೇದಗಳಿವೆ. ಅದರಲ್ಲಿ ಮುಂದೆ ಹೋಗಲು ಎಲೆಯ ಅಂಚಿನ ಉದ್ದ ಜೀವಕೋಶಗಳ ಗೆರೆ ಎಲ್ಲಿಂದ ಎಲ್ಲಿಯ ತನಕ ಇದೆ, ಜೀವಕೋಶದ ಮೇಲೆ ಗುಬುಟು ಎಷ್ಟು, ಗಂಡು ಮೊಗ್ಗು ಎಲ್ಲಿದೆ, ಎಲ್ಲ ಬೇಕು. ಖಾತ್ರಿ ಇರುವ ಕುಲದ ಹೆಸರು ಅನುಮಾನದ ಪ್ರಭೇದದ ಹೆಸರಿಗಿಂತ ಬೆಲೆಯುಳ್ಳದ್ದು. ತಪ್ಪು ಹೆಸರು ಒಂದು ಸಲ ಪಟ್ಟಿಗೆ ಸೇರಿದರೆ ಅದನ್ನು ತೆಗೆಯಲು ಯಾರೋ ಒಬ್ಬರು ಮತ್ತೆ ಆ ಬೆಟ್ಟ ಹತ್ತಬೇಕಾಗುತ್ತದೆ.

ಯಾವ ವಿವರಣೆಗೂ ಹೊಂದ್ತಿಲ್ಲ. ಹೊಸ ಪ್ರಭೇದ ಇರಬಹುದಾ?

ಇರಬಹುದು, ಪಶ್ಚಿಮ ಘಟ್ಟದಲ್ಲಿ ಸರಿಯಾಗಿ ನೋಡದ ಜಾಗ ಬಹಳ ಇದೆ. ಆದರೆ ಅದಕ್ಕೆ ಮುಂಚೆ ಅದೇ ಜಾಗಕ್ಕೆ ಇನ್ನೊಂದು ಕಾಲದಲ್ಲಿ ಹೋಗಿ, ಕ್ಯಾಪ್ಸೂಲ್ ಇರುವ ಗಿಡ ಸಿಗುತ್ತದಾ ನೋಡಿ. ನೆರಳಿನಲ್ಲಿ ಸೊರಗಿದ ಗಿಡ ಯಾವ ವಿವರಣೆಗೂ ಹೊಂದುವುದಿಲ್ಲ. ಆಮೇಲೆ ಪಾಚಿ ಕೆಲಸ ಮಾಡುವವರಿಗೆ ತೋರಿಸಿ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆಂದೇ ದೊಡ್ಡ ಸಂಗ್ರಹ ಇದೆ. ಹೊಸದು ಅಂತ ಹೇಳಬೇಕಾದರೆ ಹತ್ತಿರದ ಪ್ರಭೇದಗಳ ಮೂಲ ಮಾದರಿಗಳ (ಮೊದಲು ಹೆಸರಿಡುವಾಗ ಆಧಾರವಾಗಿಟ್ಟ ಗಿಡಗಳ) ಜೊತೆ ಇಟ್ಟು ಹೋಲಿಸಲೇಬೇಕು. ಕಳಿಸುವಾಗ ಪೂರ್ತಿ ಕಳಿಸಬೇಡಿ. ಪೊಟ್ಟಣವನ್ನು ಎರಡು ಪಾಲು ಮಾಡಿ, ಎರಡಕ್ಕೂ ಒಂದೇ ಸಂಖ್ಯೆ ಬರೆದು, ಒಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನೀವು ಮಾಡಿದ ಸ್ಲೈಡಿನ ಚಿತ್ರಗಳನ್ನೂ ಅಳತೆಯ ಚೀಟಿಯನ್ನೂ ಜೊತೆಗಿಡಿ.